ಬೆಟ್ಟಕ್ಕೆ ಹೋಗಲು ಮುಹೂರ್ತ

ಮದುವೆಗೆ ಮುಹೂರ್ತ ನೋಡುತ್ತೇವೆ, ಗೃಹಪ್ರವೇಶಕ್ಕೆ ನೋಡುತ್ತೇವೆ, ಮಗುವಿನ ಅಕ್ಷರಾಭ್ಯಾಸಕ್ಕೂ ಪಂಚಾಂಗವನ್ನು ತೆರೆಯುತ್ತೇವೆ. ಆದರೆ ಮನೆಮಂದಿಯೆಲ್ಲ ಕೂಡಿ ಪ್ರವಾಸಕ್ಕೆ ಹೊರಡುವಾಗ ಮಾತ್ರ ನಾವು ನೋಡುವುದು ಬೇರೆ ಎರಡು ಪಟ್ಟಿಗಳನ್ನು: ಒಂದು ಕಛೇರಿಯ ರಜೆಯದು, ಇನ್ನೊಂದು ಮಕ್ಕಳ ಶಾಲೆಯದು. ಈ ಎರಡರಲ್ಲೂ ಬಿಡುವು ಕೂಡಿಬಂದ ದಿನವೇ ನಮಗೆ ಶುಭದಿನ. ನಾವು ಹೋಗುವ ಸ್ಥಳದಲ್ಲಿ ಆಗ ಮಳೆಯೋ ಬಿಸಿಲೋ, ಆ ಸ್ಥಳಕ್ಕೆ ನಮ್ಮ ಆಗಮನ ಹಿತವೋ ಅಹಿತವೋ ಎಂದು ವಿಚಾರಿಸುವ ವಾಡಿಕೆ ನಮ್ಮಲ್ಲಿ ಇಲ್ಲ.

ಕಳೆದ ವಾರ ನೆರೆಮನೆಯ ರಾಯರು ಸಂಜೆ ಬಂದು ಕುಳಿತು, ಕಾಫಿಯ ಲೋಟವನ್ನು ಕೆಳಗಿಟ್ಟು ಕೇಳಿದರು: “ಈ ಸಲ ಕುದುರೆಮುಖ ನೋಡಬೇಕೆಂದು ಮನೆಯಲ್ಲಿ ಎಲ್ಲರೂ ಹಟ ಹಿಡಿದಿದ್ದಾರೆ. ನೀವು ಮೂರು ಸಲ ಹೋಗಿ ಬಂದವರು. ಯಾವ ತಿಂಗಳು ಒಳ್ಳೆಯದು, ಹೇಳಿ. ಮಕ್ಕಳಿಗೆ ರಜೆ ಇರುವುದೇನೋ ಏಪ್ರಿಲಿನಲ್ಲಿ.”

ಏಪ್ರಿಲ್ ಎಂಬ ಮಾತು ಕಿವಿಗೆ ಬಿದ್ದಕೂಡಲೇ ನಮ್ಮಾಕೆ ಅಡಿಗೆಮನೆಯ ಬಾಗಿಲಿನಿಂದ ನನ್ನ ಕಡೆ ಒಂದು ನೋಟ ಬೀರಿದಳು. ಆ ನೋಟದ ಅರ್ಥ ನನಗೆ ಗೊತ್ತು. ರಾಯರಿಗೆ ಗೊತ್ತಿಲ್ಲ. “ವಿವರವಾಗಿ ಬರೆದು ತಿಳಿಸುತ್ತೇನೆ” ಎಂದು ಅವರನ್ನು ಕಳುಹಿಸಿಕೊಟ್ಟೆ. ಬರೆಯುವುದೇ ಆದರೆ ರಾಯರೊಬ್ಬರಿಗೇ ಏಕೆ? ವಾಚಕರಲ್ಲಿ ಅನೇಕರ ಮನೆಯಲ್ಲಿಯೂ ಇಂಥದೇ ಚರ್ಚೆ ನಡೆದಿರಬಹುದು.

ಮೊದಲು ಸ್ಥಳದ ಪರಿಚಯ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳಿಗೆ ಸೇರಿದ ಸುಮಾರು 600 ಚದರ ಕಿಲೋಮೀಟರ್ ಮಲೆಯನ್ನು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಉದ್ಯಾನವೆಂದರೆ ಲಾಲ್‌ಬಾಗಿನಂತೆ ಹೂವಿನ ಪಾತಿ, ಕಲ್ಲುಬೆಂಚುಗಳನ್ನು ಯಾರೂ ನಿರೀಕ್ಷಿಸಬಾರದು. ಇದು ಸುಮಾರು 1,890 ಮೀಟರ್ ಎತ್ತರದ ಶಿಖರವೊಂದರ ಸುತ್ತ ಅಲೆಅಲೆಯಾಗಿ ಹಬ್ಬಿದ ಪರ್ವತಸಾಲು. ಒಂದು ಕಡೆಯಿಂದ ನೋಡಿದರೆ ಶಿಖರವು ಕುದುರೆಯ ಮುಖದಂತೆ ಕಾಣುವುದರಿಂದ ಆ ಹೆಸರು. ಬೆಟ್ಟಗಳ ಬೆನ್ನಿನ ಮೇಲೆ ಹುಲ್ಲು. ಎರಡು ಬೆಟ್ಟಗಳ ನಡುವಿನ ಮಡಿಕೆಯಲ್ಲಿ, ತಾಯಿಯ ಸೆರಗಿನಲ್ಲಿ ಅಡಗಿದ ಮಗುವಿನಂತೆ, ದಟ್ಟವಾದ ಕಾಡು. ಈ ಮಡಿಕೆಯ ಕಾಡಿಗೆ ಶೋಲಾ ಎಂದು ಹೆಸರು. ಇಲ್ಲಿಯ ಗಂಗಾಮೂಲದಲ್ಲಿಯೇ ತುಂಗಾ, ಭದ್ರಾ, ನೇತ್ರಾವತಿ ಈ ಮೂರು ನದಿಗಳು ಹುಟ್ಟುತ್ತವೆ. ಇಲ್ಲಿಯ ನಿತ್ಯಹರಿದ್ವರ್ಣದ ಕಾಡಿನಲ್ಲಿ, ಮರದಿಂದ ಮರಕ್ಕೆ ದಾಟುತ್ತ ನೆಲಕ್ಕೆ ಇಳಿಯುವುದೇ ಅಪರೂಪವಾದ ಸಿಂಗಳೀಕವೆಂಬ ಕಪ್ಪು ಕೋತಿ ವಾಸಿಸುತ್ತದೆ.

ಈಗ ನನ್ನ ಮೊದಲ ಪ್ರವಾಸದ ಕಥೆ. ಅದು ನಡೆದು ಹದಿನೈದು ವರ್ಷಗಳ ಮೇಲಾಯಿತು. ನಮ್ಮಾಕೆಯ ಸೋದರಮಾವ ಕಳಸದ ಹತ್ತಿರ ಅಡಿಕೆಯ ತೋಟ ಮಾಡಿಕೊಂಡಿದ್ದರು. ಮಗಳಿಗೆ ಆಗ ಎಂಟು ವರ್ಷ. ಏಪ್ರಿಲ್ ಎರಡನೆಯ ವಾರ ಶಾಲೆಗೆ ರಜೆ ಬಂತು. ಬೆಂಗಳೂರಿನ ಸೆಕೆಯನ್ನು ತಪ್ಪಿಸಿಕೊಂಡು ಬೆಟ್ಟದ ತಂಪಿನಲ್ಲಿ ನಾಲ್ಕು ದಿನ ಇರೋಣವೆಂದು ನಿಶ್ಚಯಿಸಿ ಮಾವನವರಿಗೆ ದೂರವಾಣಿಯಲ್ಲಿ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬನ್ನಿ ಅಳಿಯಂದಿರೇ, ಮನೆ ನಿಮ್ಮದೇ. ಆದರೆ ಬೆಟ್ಟ ನೋಡುವುದಕ್ಕೆಂದು ಬರುವುದಾದರೆ ದಸರೆಗೆ ಬಂದಿದ್ದರೆ ಚೆನ್ನಾಗಿತ್ತು” ಎಂದರು. ಹಳ್ಳಿಯ ವೃದ್ಧರ ಉಪಚಾರದ ಮಾತೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಭಾವಮೈದುನನ ಕಾರಿನಲ್ಲಿ ಹೊರಟೆವು. ಕಳಸದಲ್ಲಿ ಮಾವನವರನ್ನೂ ಹತ್ತಿಸಿಕೊಂಡು, ಉದ್ಯಾನದ ನಡುವೆ ಹಾದು ಕಾರ್ಕಳದ ಕಡೆಗೆ ಇಳಿಯುವ ರಸ್ತೆಯಲ್ಲಿ ಸಾಗಿದೆವು. ಚಿತ್ರಗಳಲ್ಲಿ ಕಂಡಿದ್ದ ಹಸುರು ಬೆಟ್ಟ ಎಲ್ಲಿಯೂ ಇರಲಿಲ್ಲ. ಸೊಂಟದ ಎತ್ತರದ ಹುಲ್ಲು ಬತ್ತದ ಹುಲ್ಲಿನ ಬಣಬೆಯ ಬಣ್ಣಕ್ಕೆ ತಿರುಗಿ, ಗಾಳಿ ಬಂದಾಗ ಸರಸರ ಎನ್ನುತ್ತಿತ್ತು. ದೂರದ ಬೆಟ್ಟಗಳ ಮೇಲೆ ಹೊಗೆಯಂತಹ ಮಬ್ಬು. ಮಗಳು, “ಅಪ್ಪಾ, ಹಸುರು ಬೆಟ್ಟ ಎಲ್ಲಿ?” ಎಂದು ಎರಡು ಸಲ ಕೇಳಿದಳು.

ಒಂದು ತಿರುವಿನಲ್ಲಿ ಕಾರನ್ನು ನಿಲ್ಲಿಸಿದೆವು. ರಸ್ತೆಯ ಪಕ್ಕದಲ್ಲಿ ಉದ್ದಕ್ಕೂ ನಾಲ್ಕಾರು ಮಾರು ಅಗಲಕ್ಕೆ ಹುಲ್ಲನ್ನು ಸುಟ್ಟು ಕಪ್ಪಾಗಿಸಿದ ಪಟ್ಟಿಯೊಂದಿತ್ತು. “ಯಾವನೋ ಪುಂಡ ಬೆಂಕಿ ಇಟ್ಟಿದ್ದಾನೆ, ನೋಡಿ” ಎಂದು ನಾನು ಖೇದ ವ್ಯಕ್ತಪಡಿಸಿದೆ. ಅನಂತರ ಅದನ್ನು ದಾಟಿ ಒಣಹುಲ್ಲಿನ ನಡುವೆ ಹೋಗಿ ನಿಂತು, ಭಾವಮೈದುನನಿಗೆ ಫೋಟೋ ತೆಗೆಯಲು ಹೇಳಿ, ಸಿಗರೇಟು ಹಚ್ಚಿ ಕಡ್ಡಿಯನ್ನು ಕೊಡವಿ ಎಸೆದೆ. ಕಡ್ಡಿ ಆರಿದೆ ಎಂದೇ ತಿಳಿದಿದ್ದೆ.

ಫೋಟೋ ತೆಗೆಯುತ್ತಿದ್ದವನು, “ಭಾವ, ಹಿಂದೆ!” ಎಂದು ಕೂಗಿದ. ತಿರುಗಿ ನೋಡಿದೆ. ಮೊದಲು ಜ್ವಾಲೆಯೇ ಕಾಣಲಿಲ್ಲ, ಅಷ್ಟು ಬಿಸಿಲು. ಹುಲ್ಲು ತಾನಾಗಿ ಕಪ್ಪಾಗಿ ಕುಗ್ಗುತ್ತಿರುವಂತೆ ತೋರಿತು. ಮರುಕ್ಷಣ ಚಟಚಟ ಶಬ್ದ. ಕಾಲಿನಿಂದ ತುಳಿದೆ, ತುಳಿದ ಕಡೆ ಆರಿದರೆ ಪಕ್ಕದಲ್ಲಿ ಹತ್ತಿತು. ಕಾರಿನಲ್ಲಿದ್ದ ನೀರಿನ ಬಾಟಲಿಗಳನ್ನೆಲ್ಲ ಸುರಿದೆವು. ನಮ್ಮ ಪುಣ್ಯಕ್ಕೆ ಅರಣ್ಯ ಇಲಾಖೆಯ ಇಬ್ಬರು ಕಾವಲುಗಾರರು ಸಮೀಪದಲ್ಲಿಯೇ ಇದ್ದರು. ಬೇಸಿಗೆಯಲ್ಲಿ ಬೆಂಕಿಯನ್ನು ಕಾಯುವುದಕ್ಕೆಂದೇ ಇಲಾಖೆ ಜನರನ್ನು ನೇಮಿಸುತ್ತದೆ. ಅವರು ಹಸಿ ಸೊಪ್ಪಿನ ಕೊಂಬೆಗಳನ್ನು ಹಿಡಿದು ಓಡಿಬಂದು, ಗಾಳಿಯ ದಿಕ್ಕನ್ನು ನೋಡಿಕೊಂಡು, ಅಂಚಿನಿಂದ ಬಡಿಯುತ್ತ ಬಂದರು. ಎಪ್ಪತ್ತು ದಾಟಿದ ಮಾವನವರೂ ಒಂದು ಕೊಂಬೆಯನ್ನು ಕೈಗೆತ್ತಿಕೊಂಡರು. ಕಾಲು ಗಂಟೆಯಲ್ಲಿ ಎಲ್ಲವೂ ಮುಗಿಯಿತು. ಆ ಕಾಲು ಗಂಟೆಯಲ್ಲಿ ಮದುವೆಯ ಚಪ್ಪರದಷ್ಟು ಜಾಗ ಸುಟ್ಟು ಕಪ್ಪಾಗಿತ್ತು.

ಹಿರಿಯ ಕಾವಲುಗಾರ ಬೈಯುವನೆಂದು ತಲೆ ತಗ್ಗಿಸಿ ನಿಂತೆ. ಅವನು ಬೈಯಲಿಲ್ಲ. ಕೆಳಗಡೆ, ಸುಟ್ಟ ಅಂಚಿನಿಂದ ಐವತ್ತು ಗಜ ದೂರದಲ್ಲಿ ಮಡಿಕೆಯೊಳಗೆ ನಿಂತಿದ್ದ ಶೋಲಾ ಕಾಡನ್ನು ಬೆರಳಿನಿಂದ ತೋರಿಸಿ, “ಹುಲ್ಲು ಮಳೆ ಬಂದರೆ ಮತ್ತೆ ಬರುತ್ತದೆ ಸಾರ್. ಆ ಕಾಡು ಬರುವುದಿಲ್ಲ” ಎಂದ. ಆಮೇಲೆ ನನ್ನ ಹೆಸರನ್ನೂ ವಿಳಾಸವನ್ನೂ ಬರೆದುಕೊಂಡ. ಅಂದೇ ಹೋಗಿ ದಂಡ ತೆತ್ತು ಬಂದೆ. ನಾನು ಪುಂಡರ ಕೆಲಸವೆಂದು ಮರುಗಿದ ಆ ಕಪ್ಪು ಪಟ್ಟಿ, ಬೆಂಕಿ ದಾಟದಿರಲೆಂದು ಇಲಾಖೆಯವರೇ ಚಳಿಗಾಲದ ಕೊನೆಯಲ್ಲಿ ಎಚ್ಚರಿಕೆಯಿಂದ ಸುಟ್ಟು ಮಾಡಿದ ಬೆಂಕಿರೇಖೆಯಂತೆ! ಲಕ್ಷ್ಮಣರೇಖೆಯನ್ನು ದಾಟಿ ಹೋಗಿ ನಾನು ಕಡ್ಡಿ ಗೀರಿದ್ದೆ. ಅಂದಿನಿಂದ ನಾನು ಸಿಗರೇಟು ಮುಟ್ಟಿಲ್ಲ. ಆ ಪ್ರವಾಸದಿಂದ ಆದ ಲಾಭ ಅದೊಂದೇ ಎಂದು ನಮ್ಮಾಕೆ ಈಗಲೂ ಹೇಳುತ್ತಾಳೆ.

ಕಾವಲುಗಾರನ ಮಾತಿನ ಅರ್ಥವನ್ನು ಅಂದಿನ ರಾತ್ರಿ ಮಾವನವರು ಬಿಡಿಸಿ ಹೇಳಿದರು. ಹುಲ್ಲಿನ ಬೇರು ನೆಲದೊಳಗಿರುತ್ತದೆ. ಮೇಲೆ ಸುಟ್ಟರೂ ಮೊದಲ ಮಳೆಗೆ ಚಿಗುರುತ್ತದೆ. ಶೋಲಾ ಕಾಡಿನ ಮರಗಳಿಗೆ ಬೆಂಕಿಯ ಅಭ್ಯಾಸವಿಲ್ಲ. ಅವುಗಳ ಅಂಚಿನಲ್ಲಿ ಹುಟ್ಟಿದ ಸಸಿಗಳು ಒಮ್ಮೆ ಸುಟ್ಟರೆ ಕಾಡು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮತ್ತೆ ಸುಟ್ಟರೆ ಇನ್ನೊಂದು ಹೆಜ್ಜೆ. ಹಿಂದೆ ಸರಿದ ಕಾಡು ಮುಂದೆ ಬರಲು ಮನುಷ್ಯನ ಒಂದು ತಲೆಮಾರು ಸಾಲದು. ಆ ಕಾಡಿನ ನೆಲವಾದರೋ ಸ್ಪಂಜಿನಂತೆ ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಕಳಸದ ಕೆಳಗೆ ಏಪ್ರಿಲಿನಲ್ಲಿಯೂ ಭದ್ರೆ ಹರಿಯುತ್ತಿದ್ದಳಲ್ಲ, ಆ ನೀರು ಎಲ್ಲಿಂದ ಬಂತೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಎರಡನೆಯ ಸಲ ಹೋದದ್ದು ಪ್ರವಾಸಕ್ಕಲ್ಲ. ಮುಂದಿನ ವರ್ಷ ಜುಲೈ ತಿಂಗಳಲ್ಲಿ ಮಾವನವರು ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನೋಡಿ ಬರಲು ಹೋದೆವು. ಬಸ್ಸಿನ ಕಿಟಕಿಯಿಂದ ಬೆಟ್ಟ ಕಾಣಲಿಲ್ಲ, ಕಾಡು ಕಾಣಲಿಲ್ಲ. ಇಪ್ಪತ್ತು ಗಜ ದೂರದ ಮರವೂ ಕಾಣಲಿಲ್ಲ. ಎರಡು ಕಡೆ ಮರಗಳು ರಸ್ತೆಗೆ ಅಡ್ಡಲಾಗಿ ಬಿದ್ದಿದ್ದವು. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಗಾದೆಯನ್ನು ಕೇಳಿದ್ದೆ. ಇಲ್ಲಿ ಅದು ಮುಗಿದು ಪುನರ್ವಸು ನಡೆದಿದ್ದರೂ ಆರುವ ಲಕ್ಷಣವಿರಲಿಲ್ಲ. ಅರಬ್ಬೀ ಸಮುದ್ರದಿಂದ ಬಂದ ಮುಂಗಾರಿನ ಮೋಡ ಈ ಗೋಡೆಗೆ ಮೊದಲು ಬಂದು ಬಡಿಯುತ್ತದೆ. ಈ ಬೆಟ್ಟಗಳಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆಯಾಗುವುದುಂಟು. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವುದು ಅದರ ಏಳರಲ್ಲಿ ಒಂದು ಪಾಲು.

ಮಾವನವರು ಮಂಚದ ಮೇಲೆ ಮಲಗಿಯೇ ಮಳೆಯ ಸದ್ದನ್ನು ಕೇಳುತ್ತ ನಕ್ಕರು. “ಬೇಸಿಗೆಯಲ್ಲಿ ಬಂದು ಬೆಂಕಿ ನೋಡಿದಿರಿ, ಈಗ ನೀರು ನೋಡಿ. ಈ ನಾಲ್ಕು ತಿಂಗಳು ಬೆಟ್ಟ ಮನೆಗೆಲಸದಲ್ಲಿರುತ್ತದೆ ಅಳಿಯಂದಿರೇ. ಅತಿಥಿಗಳನ್ನು ವಿಚಾರಿಸಿಕೊಳ್ಳಲು ಪುರುಸೊತ್ತಿಲ್ಲ.” ಹಾಗೆಯೇ ಹಳೆಯ ದಿನಗಳ ನೆನಪನ್ನೂ ತೆಗೆದರು. ಬೆಟ್ಟದಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿದ್ದ ಕಾಲದಲ್ಲಿ, ಮಳೆಗಾಲ ಬಂತೆಂದರೆ ಅಗೆದ ಮಣ್ಣು ಕೊಚ್ಚಿ ಭದ್ರೆಗೆ ಸೇರುತ್ತಿತ್ತು. ಆ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. “ಬೆಟ್ಟಕ್ಕೆ ಗಾಯವಾಗಿದ್ದರೆ ಅದು ಗೊತ್ತಾಗುವುದು ಮಳೆಗಾಲದಲ್ಲಿ” ಎಂದರು ಮಾವನವರು.

ನಮ್ಮ ಮಗಳಿಗೆ ಮಾತ್ರ ಆ ಮೂರು ದಿನ ಹಬ್ಬ. ಅಂಗಳದಲ್ಲಿ ಕಾಗದದ ದೋಣಿ, ಒಲೆಯ ಮುಂದೆ ಸುಟ್ಟ ಹಲಸಿನ ಹಪ್ಪಳ. ತೋಟಕ್ಕೆ ಹೋಗಿ ಬಂದಾಗ ಕಾಲಿಗೆ ಕಚ್ಚಿದ ಇಂಬಳಗಳನ್ನು ಅಜ್ಜಿ ಸುಣ್ಣ ಹಚ್ಚಿ ಬಿಡಿಸುತ್ತಿದ್ದರೆ, ಅಳುವುದನ್ನು ಬಿಟ್ಟು ಎಷ್ಟೆಂದು ಎಣಿಸುತ್ತಿದ್ದಳು. ಆದರೆ ಆ ಮಳೆಯಲ್ಲಿ ಬೆಟ್ಟ ಹತ್ತುವ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಮನೆಯ ಹಿಂದಿನ ಹಳ್ಳ ಬೆಳಿಗ್ಗೆ ಮೊಣಕಾಲಿನಷ್ಟಿದ್ದದ್ದು ಮಧ್ಯಾಹ್ನಕ್ಕೆ ಎದೆಮಟ್ಟ ಏರಿತ್ತು.

ಮೂರನೆಯ ಸಲ ಮಾವನವರ ಮಾತನ್ನು ಕೇಳಿದೆ. ವಿಜಯದಶಮಿ ಮುಗಿಸಿಕೊಂಡು, ದಸರೆಯ ರಜೆ ಇನ್ನೂ ಉಳಿದಿರುವಾಗಲೇ, ನಮ್ಮ ತಾಯಿಯವರನ್ನೂ ಕರೆದುಕೊಂಡು ಹೋದೆವು. ಅದೇ ರಸ್ತೆ, ಅದೇ ತಿರುವು. ಬೆಟ್ಟವೆಲ್ಲ ಹಸುರು ಪಟ್ಟೆಯನ್ನು ಉಟ್ಟು ನಿಂತಿತ್ತು. ಪ್ರತಿಯೊಂದು ಮಡಿಕೆಯಿಂದಲೂ ಬೆಳ್ಳಿಯ ಎಳೆಯಂತೆ ನೀರು ಇಳಿಯುತ್ತಿತ್ತು. ಮೊಣಕಾಲಿನ ನೋವಿನ ನಮ್ಮ ತಾಯಿ ಕಾರಿನಿಂದ ಇಳಿದು, ರಸ್ತೆಯ ಅಂಚಿನಲ್ಲಿಯೇ ಮಡಿಸುವ ಕುರ್ಚಿಯ ಮೇಲೆ ಒಂದು ಗಂಟೆ ಕುಳಿತಿದ್ದರು. “ಇದನ್ನು ನೋಡಲು ಹತ್ತಲೇಬೇಕೇನೋ? ಇಲ್ಲಿಂದಲೇ ಕಾಣುತ್ತದಲ್ಲ” ಎಂದರು. ನಾನು ಸುಟ್ಟ ಜಾಗವನ್ನು ಹುಡುಕಿದೆ. ಎಲ್ಲಿಯೆಂದು ಗೊತ್ತಾಗಲಿಲ್ಲ. ಕೆಳಗಿನ ಶೋಲಾ ಕಾಡು ಅಲ್ಲಿಯೇ ಇತ್ತು. ಅದನ್ನು ನೋಡಿ ನನಗೆ ಆದ ಸಮಾಧಾನವನ್ನು ಯಾರಿಗೂ ಹೇಳಲಿಲ್ಲ.

ಮರುದಿನ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವನೊಬ್ಬನನ್ನು ಜೊತೆಗಿಟ್ಟುಕೊಂಡು, ಬೆಳಗಿನ ಜಾವವೇ ನಾನೂ ಭಾವಮೈದುನನೂ ಮುಳ್ಳೋಡಿಯಿಂದ ಶಿಖರಕ್ಕೆ ಹತ್ತಿದೆವು. ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಹಳ್ಳಗಳಲ್ಲಿ ನೀರು ಮೊಣಕಾಲಿಗಿಂತ ಕೆಳಗೆ. ಇಂಬಳಗಳು ಇನ್ನೂ ಇದ್ದವು, ಆದರೆ ಸಹಿಸುವಷ್ಟು. ಮೇಲೆ ತಲಪಿದಾಗ ಸುತ್ತಲೂ ಬಿಳಿಯ ಮೋಡ. ನಿರಾಶೆಯಿಂದ ಬುತ್ತಿಯನ್ನು ಬಿಚ್ಚಿ ಕುಳಿತಿರುವಾಗ ಪರದೆ ಸರಿದಂತೆ ಮೋಡ ಸರಿದು, ಪಶ್ಚಿಮಕ್ಕೆ ಕರಾವಳಿಯ ತಗ್ಗು ಹತ್ತು ನಿಮಿಷ ಕಂಡಿತು. ಮಧ್ಯಾಹ್ನ ಇಳಿಯುವಾಗ ಚಿತ್ತಾ ಮಳೆ ಗುಡುಗಿನೊಂದಿಗೆ ಬಂದು ನಮ್ಮನ್ನು ಪೂರ್ತಿಯಾಗಿ ತೋಯಿಸಿತು. ಒಂದು ಗಂಟೆ ಮೊದಲೇ ಇಳಿಯಲು ಆರಂಭಿಸಬೇಕಾಗಿತ್ತು.

ರಾಯರಿಗೂ ವಾಚಕರಿಗೂ ಈಗ ನೇರವಾಗಿ ಹೇಳಬಹುದು.

ಮಕ್ಕಳೊಡನೆ ಹೋಗುವವರಿಗೆ, ಹಸುರು ಬೇಕು ನೀರೂ ಬೇಕು ಎನ್ನುವವರಿಗೆ, ಅಕ್ಟೋಬರಿನ ನಡುವಿನಿಂದ ನವೆಂಬರಿನ ಕೊನೆಯವರೆಗೆ ಅತ್ಯುತ್ತಮ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಗುಡುಗುಮಳೆಯ ಸಂಭವ ಉಂಟು. ಆದುದರಿಂದ ಬೆಳಗಿನ ಹೊತ್ತನ್ನೇ ನಂಬಬೇಕು. ದಸರೆಯ ರಜೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ವೃದ್ಧರನ್ನು ಕರೆದುಕೊಂಡು ಹೋಗುವವರಿಗೆ, ದೂರದ ನೋಟ ಬಯಸುವವರಿಗೆ, ಡಿಸೆಂಬರ್ ಮತ್ತು ಜನವರಿ ಹಿತ. ಆಕಾಶ ತಿಳಿಯಾಗಿರುತ್ತದೆ, ದಾರಿ ಒಣಗಿರುತ್ತದೆ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ಬೆಳಗಿನ ಚಳಿಗೆ ಕಂಬಳಿ ಬೇಕು. ಆದರೆ ಕ್ರಿಸ್ಮಸ್ ರಜೆ, ಗಣರಾಜ್ಯದಿನದ ರಜೆಗಳಂದು ಜನಜಾತ್ರೆ. 2024ರ ಜನವರಿಯ ಕೊನೆಯಲ್ಲಿ ಇಂಥದೇ ರಜೆಯೊಂದರಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ಬಂದು ನುಗ್ಗಿದ್ದರಿಂದ, ರಾಜ್ಯದ ಚಾರಣದ ದಾರಿಗಳಿಗೆಲ್ಲ ಹೊಸ ಕಟ್ಟುಪಾಡುಗಳು ಬಂದವು. ಈಗ ಕುದುರೆಮುಖದ ಶಿಖರಕ್ಕೂ ಮುಂಗಡವಾಗಿ ಅಂತರ್ಜಾಲದಲ್ಲಿ ಸ್ಥಳ ಕಾಯ್ದಿರಿಸಿಕೊಳ್ಳಬೇಕು. ದಿನಕ್ಕೆ ಇಷ್ಟೇ ಜನವೆಂಬ ಮಿತಿ ಉಂಟು. ಬೆಟ್ಟದ ಮೇಲೆ ರಾತ್ರಿ ತಂಗುವಂತಿಲ್ಲ. ವಾರದ ನಡುವಿನ ದಿನವನ್ನು ಆರಿಸಿಕೊಂಡರೆ ನಿಮಗೂ ನೆಮ್ಮದಿ, ಕಾಡಿಗೂ ನೆಮ್ಮದಿ.

ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯನ್ನೇ ನೋಡಬೇಕೆಂಬ ಆಸೆ ಇದ್ದವರು ಹೋಗಬಹುದು; ಆದರೆ ಕಳಸದಲ್ಲಿಯೋ ಶೃಂಗೇರಿಯಲ್ಲಿಯೋ ಮಾಡಿನ ಕೆಳಗೆ ಕುಳಿತು ನೋಡುವುದು ಲೇಸು. ಜಲಪಾತದ ಬಳಿ ಇಳಿಯಬೇಡಿರೆಂದು ಕಾವಲಿನವರು ಹೇಳಿದರೆ ಅವರೊಡನೆ ವಾದ ಹೂಡಬಾರದು.

ಇನ್ನು ಫೆಬ್ರವರಿಯಿಂದ ಮೇ ತಿಂಗಳವರೆಗೆ. ಬೆಂಕಿಯ ಭಯದಿಂದ ಈ ತಿಂಗಳುಗಳಲ್ಲಿ ಇಲಾಖೆಯವರು ಸಾಮಾನ್ಯವಾಗಿ ಚಾರಣವನ್ನು ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೂ ನಾವೇ ನಿಲ್ಲಬೇಕು. ನಮ್ಮ ಮಕ್ಕಳ ದೊಡ್ಡ ರಜೆ ಬೆಟ್ಟದ ಅತಿ ಕಷ್ಟದ ದಿನಗಳಲ್ಲಿಯೇ ಬರುತ್ತದೆ. ಇದಕ್ಕೆ ಬೆಟ್ಟ ಹೊಣೆಯಲ್ಲ. ಬೇಸಿಗೆಯಲ್ಲಿ ಆ ಕಡೆಗೆ ಹೋಗಲೇಬೇಕೆಂದಿದ್ದರೆ ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ, ಕಳಸೇಶ್ವರನಿಗೆ ಕೈಮುಗಿದು, ಭದ್ರೆಯ ದಡದಲ್ಲಿ ಸಂಜೆ ಕಳೆದು ಬರಬಹುದು. ಆ ನೀರನ್ನು ಬೊಗಸೆಯಲ್ಲಿ ಹಿಡಿದಾಗ, ಅದು ಕಳೆದ ಮಳೆಗಾಲದಲ್ಲಿ ಬಿದ್ದು ಕಾಡಿನ ನೆಲ ಕಾಪಾಡಿಟ್ಟುಕೊಂಡಿದ್ದ ನೀರೆಂದು ಮಕ್ಕಳಿಗೆ ಹೇಳಿ.

ಮಾವನವರು ಈಗ ಇಲ್ಲ. ಅವರಿದ್ದಿದ್ದರೆ ಇಷ್ಟನ್ನೂ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಯಾರ ಮನೆಗಾದರೂ ಹೋಗುವ ಮುನ್ನ ಮನೆಯವರಿಗೆ ಬಿಡುವಿದೆಯೇ ಎಂದು ಕೇಳುವುದು ಅವರ ಕಾಲದವರಿಗೆ ಯಾರೂ ಕಲಿಸದೆ ಬಂದ ನಡತೆ. ಬೆಟ್ಟವನ್ನೂ ಅವರು ಒಂದು ಮನೆಯೆಂದೇ ಎಣಿಸಿದ್ದರು.

ಇದನ್ನು ಬರೆದು ಮುಗಿಸಿ ನಿನ್ನೆ ರಾಯರಿಗೆ ಓದಿಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ಹಾಗಾದರೆ ದಸರೆಗೇ ಆಗಲಿ. ಏನೇನು ತೆಗೆದುಕೊಂಡು ಹೋಗಬೇಕು?” ಎಂದು ಕೇಳಿದರು. ಗಟ್ಟಿಯಾದ ಬೂಟು, ಮಳೆಯ ಅಂಗಿ, ಬುತ್ತಿ, ಬುತ್ತಿಯ ಕಸವನ್ನು ಮರಳಿ ತರಲು ಒಂದು ಚೀಲ ಎಂದು ನಾನು ಪಟ್ಟಿ ಮಾಡುತ್ತಿರುವಾಗ, ಒಳಗಿನಿಂದ ನಮ್ಮಾಕೆಯ ಧ್ವನಿ ಕೇಳಿಸಿತು: “ಬೆಂಕಿಪೊಟ್ಟಣವನ್ನು ಮಾತ್ರ ನಮ್ಮ ಮನೆಯಲ್ಲಿ ಕೊಟ್ಟು ಹೋಗಲು ಹೇಳಿ!”